ಶಿಶುವಿನ ಇಂದ್ರಿಯಗಳೂ ಗೃಹಸ್ಥನ ಹೊಣೆಯೂ

ಮಾಘಮಾಸದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿಗಳ ಸೀಮೆಯಿಂದ ಚಕ್ಕಡಿಗಳು ಉಳವಿಯ ದಾರಿ ಹಿಡಿಯುವುವು. ಹಳಿಯಾಳವನ್ನು ಹಾಯ್ದು, ದಾಂಡೇಲಿಯ ಕಾಡನ್ನು ಹೊಕ್ಕು, ಜೋಯಿಡಾ ತಾಲೂಕಿನ ಏರುತಗ್ಗುಗಳನ್ನು ಕ್ರಮಿಸಿ ಚೆನ್ನಬಸವಣ್ಣನವರ ಐಕ್ಯಸ್ಥಳವನ್ನು ಸೇರುವ ಈ ಯಾತ್ರೆಯಲ್ಲಿ ಮುದುಕರಿರುವರು, ಪ್ರಾಯದವರಿರುವರು, ತಾಯಂದಿರ ಮಡಿಲಲ್ಲಿ ಹಸುಗೂಸುಗಳೂ ಇರುವುವು. ಎತ್ತುಗಳ ಕೊರಳಗಂಟೆಯ ನಾದ, ಕಾಡಿನ ತಂಪು, ಹಣೆಗೆ ಹಚ್ಚಿದ ವಿಭೂತಿ, ಹರಹರ ಎಂಬ ಘೋಷ - ಇವೆಲ್ಲ ಹಿರಿಯರಿಗೆ ದೊರೆತಂತೆ ಕೂಸಿಗೂ ದೊರೆಯುವುವು. ಆದರೆ ಯಾರಾದರೂ 'ಇಷ್ಟು ಎಳೆಯ ಕೂಸನ್ನು ಯಾತ್ರೆಗೇಕೆ ಕರೆತಂದಿರಿ?' ಎಂದು ಕೇಳಿದರೆ, 'ಮನೆಯಲ್ಲಿ ಬಿಟ್ಟು ಬರಲಾದೀತೇ? ಅದಕ್ಕೇನು ತಿಳಿಯುತ್ತದೆ!' ಎಂಬ ಉತ್ತರವೇ ಸಾಮಾನ್ಯವಾಗಿ ಬರುವುದು.

'ಅದಕ್ಕೇನು ತಿಳಿಯುತ್ತದೆ' ಎಂಬ ಈ ಮಾತು ಮೇಲುನೋಟಕ್ಕೆ ನಿರಪಾಯವಾದುದು. ಒಳಹೊಕ್ಕು ನೋಡಿದರೆ ಅದರಲ್ಲಿ ಒಂದು ಸಿದ್ಧಾಂತವೇ ಅಡಗಿರುವುದು. ಅರಿವಿಲ್ಲದವನಿಗೆ ಯಾವುದೂ ತಾಗದು. ತಾಗದವನ ವಿಷಯದಲ್ಲಿ ಉಳಿದವರಿಗೆ ಹೊಣೆಯೂ ಇಲ್ಲ ಎಂಬುದೇ ಆ ಸಿದ್ಧಾಂತ. ಇದು ಸತ್ಯವಾದರೆ ತೊಟ್ಟಿಲಲ್ಲಿರುವ ಶಿಶುವಿಗೆ ಹಾಲುಣಿಸಿ ಬೆಚ್ಚಗಿಟ್ಟರೆ ಗೃಹಸ್ಥನ ಧರ್ಮ ತೀರಿತು. ಸತ್ಯವಲ್ಲವಾದರೆ ಆ ಧರ್ಮವು ಬಹಳ ದೊಡ್ಡದಾಗುವುದು. ಆದುದರಿಂದ ಇದನ್ನು ವಿಚಾರಿಸಿ ನೋಡುವುದು ಯುಕ್ತ.

ಮೊದಲು ಪೂರ್ವಪಕ್ಷವನ್ನು ಕೇಳಬೇಕು. ಇಂದ್ರಿಯಗಳೇ ಜೀವನನ್ನು ವಿಷಯಗಳೆಡೆಗೆ ಎಳೆಯುವ ಕುದುರೆಗಳು, ಅವೇ ಭವಬಂಧನಕ್ಕೆ ಕಾರಣ, ಅವುಗಳನ್ನು ಅಡಗಿಸಿದವನೇ ಯೋಗಿ ಎಂದು ಹೇಳುವ ಒಂದು ಮತ ಈ ದೇಶದಲ್ಲಿ ಪ್ರಾಚೀನವಾದುದು. ಆ ಮತದಂತೆ ಇಂದ್ರಿಯಗಳು ಇನ್ನೂ ಅರಳದ ಶಿಶುವೇ ಶುದ್ಧ. ಅವು ಅರಳುತ್ತ ಹೋದಂತೆ ಮನುಷ್ಯನು ಕೆಡುತ್ತ ಹೋಗುವನು. ಹಾಗಿದ್ದಲ್ಲಿ ಕೂಸಿನ ಕಣ್ಣು, ಕಿವಿ, ಕೈಕಾಲುಗಳ ಬೆಳವಣಿಗೆಗೆ ತಾಯಿತಂದೆಗಳು ಶ್ರಮಿಸುವುದು ಅದರ ಬಂಧನದ ಹಗ್ಗವನ್ನು ತಾವೇ ಹೊಸೆದಂತಾಗಲಾರದೇ?

ಶರಣರು ಈ ಪಕ್ಷವನ್ನು ಒಪ್ಪಲಿಲ್ಲ. ಇಂದ್ರಿಯಗಳನ್ನು ಬಲಾತ್ಕಾರದಿಂದ ಅಡಗಿಸುವುದೇ ಮಾರ್ಗವೆಂಬುದನ್ನು ಬಸವಣ್ಣನವರು ನಿರಾಕರಿಸಿದರು. ಉಳವಿಯಲ್ಲಿ ಐಕ್ಯರಾದ ಚೆನ್ನಬಸವಣ್ಣನವರು ಷಟ್‌ಸ್ಥಲಶಾಸ್ತ್ರವನ್ನು ಬಿಡಿಸಿ ಹೇಳುವಾಗ ಇಂದ್ರಿಯಗಳಿಗೆ ಕೊಟ್ಟ ಸ್ಥಾನವಂತೂ ಸರ್ವವಿದಿತ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂದು ಆರು ಮುಖಗಳನ್ನು ಗುರುತಿಸಿ, ಗಂಧ ರುಚಿ ರೂಪ ಸ್ಪರ್ಶ ಶಬ್ದಗಳು ಆಯಾ ಮುಖದಲ್ಲಿ ಅರ್ಪಿತವಾಗಿ ಪ್ರಸಾದವಾಗುವ ಕ್ರಮವನ್ನು ಈ ಶಾಸ್ತ್ರವು ಬೋಧಿಸುವುದು. ಅಂದಮೇಲೆ ಇಂದ್ರಿಯವು ಕಳ್ಳನು ನುಗ್ಗುವ ಕಿಂಡಿಯಲ್ಲ. ಅರ್ಪಣೆಯು ನಡೆಯುವ ಬಾಗಿಲು. ಬಾಗಿಲನ್ನು ಮುಚ್ಚಿದವನಿಗೆ ಕಳ್ಳನ ಭಯವಿಲ್ಲ ನಿಜ, ಅತಿಥಿಯೂ ಬರಲಾರನು. ಹಾಗಾದರೆ ಈ ಬಾಗಿಲುಗಳು ಶಿಶುವಿನಲ್ಲಿ ಯಾವಾಗ ತೆರೆಯುವುವು, ಹೇಗೆ ತೆರೆಯುವುವು ಎಂಬುದನ್ನು ತಿಳಿಯುವುದು ಕೇವಲ ವೈದ್ಯರ ವಿಷಯವಲ್ಲ. ಅದು ಧರ್ಮಜಿಜ್ಞಾಸೆಯ ಭಾಗವೇ ಆಗಿದೆ.

ಎಲ್ಲಕ್ಕಿಂತ ಮೊದಲು ತೆರೆಯುವುದು ತ್ವಕ್ಕು. ಗರ್ಭದ ಸುಮಾರು ಎಂಟನೆಯ ವಾರದಲ್ಲಿಯೇ, ಪಿಂಡವು ಒಂದು ಹೆಬ್ಬೆರಳಿನಷ್ಟೂ ಇಲ್ಲದಿರುವಾಗ, ತುಟಿಗಳ ಸುತ್ತಣ ಚರ್ಮವು ಸ್ಪರ್ಶವನ್ನು ಗ್ರಹಿಸತೊಡಗುವುದು. ಹುಟ್ಟಿದ ಕೂಸಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರೆ ಅದು ಆ ಕಡೆಗೆ ಬಾಯಿ ತಿರುಗಿಸುವುದು. ಅಂಗೈಯಲ್ಲಿ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುವುದು. ಹಳಿಯಾಳ ಮುಂಡಗೋಡಗಳ ಮನೆಗಳಲ್ಲಿ ಅಜ್ಜಿಯು ಕಾಲು ಚಾಚಿ ಕುಳಿತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾದ ಬಿಸಿನೀರನ್ನು ಎರೆಯುವಳಷ್ಟೆ. ಅದು ಕೊಳೆಯನ್ನು ತೊಳೆಯುವ ಕೆಲಸ ಮಾತ್ರವೆಂದು ತಿಳಿಯಬಾರದು. 'ನೀನು ಇಲ್ಲಿದ್ದೀ, ಇದು ನಿನ್ನ ಕೈ, ಇದು ನಿನ್ನ ಬೆನ್ನು, ನಿನ್ನನ್ನು ಹಿಡಿದವರಿದ್ದಾರೆ' ಎಂಬ ಪಾಠವನ್ನು ಚರ್ಮದ ಮೂಲಕ ಹೇಳಿಕೊಡುವುದೇ ಅದು. ತಿಂಗಳು ತುಂಬದೆ ಹುಟ್ಟಿದ ಶಿಶುಗಳನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿಕೊಳ್ಳುವ ಪದ್ಧತಿಯು 1970ರ ದಶಕದ ಕೊನೆಯಲ್ಲಿ ದಕ್ಷಿಣ ಅಮೇರಿಕದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಆರಂಭವಾಯಿತು; ಇಂದು ಜಗತ್ತಿನ ವೈದ್ಯರೆಲ್ಲ ಅದನ್ನು ಒಪ್ಪಿರುವರು.

ಈ ತ್ವಗಿಂದ್ರಿಯದ ವಿಷಯದಲ್ಲಿಯೇ 'ಅದಕ್ಕೇನು ತಿಳಿಯುತ್ತದೆ' ಎಂಬ ಮಾತು ಒಂದು ದೊಡ್ಡ ಅನರ್ಥವನ್ನು ಮಾಡಿತು. ನವಜಾತ ಶಿಶುವಿನ ನರಗಳು ಪಕ್ವವಾಗಿಲ್ಲ, ಅದಕ್ಕೆ ನೋವು ತಿಳಿಯದು ಎಂಬ ನಂಬಿಕೆಯಿಂದ 1980ರ ದಶಕದವರೆಗೂ ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿಯೇ ಹಲವು ಕೂಸುಗಳಿಗೆ ಸಾಕಷ್ಟು ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಭಾರತದಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ನಡೆಸಿದ ಕೆ. ಜೆ. ಎಸ್. ಆನಂದ ಎಂಬ ವೈದ್ಯರು ಮತ್ತು ಅವರ ಸಂಗಡಿಗರು, ಅಂಥ ಶಿಶುಗಳ ದೇಹವು ನೋವಿಗೆ ಎಷ್ಟು ತೀವ್ರವಾಗಿ ತತ್ತರಿಸುವುದೆಂಬುದನ್ನೂ, ಅರಿವಳಿಕೆಯಿಂದ ಅವುಗಳ ಚೇತರಿಕೆ ಎಷ್ಟು ಸುಗಮವಾಗುವುದೆಂಬುದನ್ನೂ 1987ರಲ್ಲಿ ತೋರಿಸಿಕೊಟ್ಟ ಮೇಲೆ ಆ ರೂಢಿ ಬದಲಾಯಿತು. ಹೇಳಲು ಬಾರದವನಿಗೆ ನೋವಿಲ್ಲವೆಂದು ಭಾವಿಸುವುದು ಎಷ್ಟು ಸುಲಭ! ಹಾಗೆ ಭಾವಿಸಿದವರು ಕ್ರೂರರಲ್ಲ, ವಿದ್ಯಾವಂತರು. ಅರಿವಿಲ್ಲದಿದ್ದುದು ಶಿಶುವಿನಲ್ಲಲ್ಲ; ಶಿಶುವನ್ನು ನೋಡುತ್ತಿದ್ದವರಲ್ಲಿ.

ಘ್ರಾಣ ಜಿಹ್ವೆಗಳೂ ಹುಟ್ಟಿನಲ್ಲಿಯೇ ಎಚ್ಚರವಾಗಿರುವುವು. ಒಂದೆರಡು ವಾರದ ಕೂಸಿನ ಎರಡು ಪಕ್ಕದಲ್ಲಿ, ಹಾಲು ಹೀರಿದ ಎರಡು ಬಟ್ಟೆಯ ತುಣುಕುಗಳನ್ನು ಇಟ್ಟರೆ, ತನ್ನ ತಾಯಿಯ ಎದೆಹಾಲಿನ ಬಟ್ಟೆಯ ಕಡೆಗೆ ಅದು ಹೆಚ್ಚಾಗಿ ಮುಖ ತಿರುಗಿಸುವುದೆಂದು 1975ರಲ್ಲಿಯೇ ಪರೀಕ್ಷಿಸಿ ಕಂಡಿರುವರು. ಸಿಹಿಯನ್ನು ಅದು ಹುಟ್ಟಿನಿಂದಲೇ ಬಯಸುವುದು. ಕಹಿಗೆ ಮುಖ ಹಿಂಡುವುದು. ಇಷ್ಟು ಸೂಕ್ಷ್ಮವಾದ ಈ ಇಂದ್ರಿಯಗಳಿಗೆ ಪ್ರೀತಿಯ ಹೆಸರಿನಲ್ಲಿ ಅಪಚಾರವಾಗುವುದುಂಟು. ಎರೆದ ಕೂಸಿಗೆ ಲೋಬಾನದ ಹೊಗೆಯನ್ನು ದಟ್ಟವಾಗಿ ಹಿಡಿಯುವುದು, ಮೊದಲ ಹಾಲನ್ನು ಹಿಂಡಿ ಚೆಲ್ಲಿ ಬೆಲ್ಲದ ನೀರನ್ನೋ ಜೇನನ್ನೋ ನೆಕ್ಕಿಸುವುದು, ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಕಣ್ಣಿನೊಳಗೆ ಕಾಡಿಗೆ ತೀಡುವುದು - ಇವು ಹಿರಿಯರು ಸದ್ಭಾವದಿಂದಲೇ ನಡೆಸಿಕೊಂಡು ಬಂದವು. ಆದರೆ ಎಳೆಯ ಶ್ವಾಸಕೋಶವು ಹೊಗೆಯನ್ನು ತಾಳದು. ವರ್ಷದೊಳಗಿನ ಕೂಸಿಗೆ ಜೇನು ವಿಷವಾಗಬಲ್ಲುದು. ಕಾಡಿಗೆಯಲ್ಲಿ ಸೀಸದ ಅಂಶವಿರಬಹುದು. ಮೊದಲ ಹಾಲು ರೋಗನಿರೋಧಕ ಶಕ್ತಿಯ ಭಂಡಾರ. ಆಚಾರವೆಂಬುದು ಅರಿವಿನೊಡನೆ ಕೂಡಿದಾಗಲೇ ಆಚಾರ. ಅರಿವು ಬಂದ ಮೇಲೂ ಬಿಡದಿದ್ದರೆ ಅದು ಕೇವಲ ರೂಢಿ.

ಶ್ರೋತ್ರದ ಕಥೆ ಇನ್ನೂ ವಿಸ್ಮಯಕರ. ಗರ್ಭದ ಆರೇಳು ತಿಂಗಳ ವೇಳೆಗೆ ಕಿವಿಯು ಕೆಲಸವನ್ನಾರಂಭಿಸುವುದು. ತಾಯಿಯ ಹೃದಯದ ಬಡಿತ, ಅವಳ ಮಾತು, ಮನೆಯಲ್ಲಿ ಹಾಡುವ ಹಾಡು ಅಲ್ಲಿಗೂ ಮುಟ್ಟುವುವು. ಹುಟ್ಟಿ ಮೂರು ದಿನ ಕಳೆಯುವ ಮೊದಲೇ ಶಿಶುವು ಬೇರೆ ಹೆಂಗಸಿನ ದನಿಗಿಂತ ತನ್ನ ತಾಯಿಯ ದನಿಯನ್ನು ಕೇಳಬಯಸುವುದೆಂದು ಅಮೇರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿದ್ವಾಂಸರು 1980ರಲ್ಲಿ ಸಿದ್ಧಪಡಿಸಿದರು. ಕೂಸಿಗೆ ಚೀಪುವ ಮೊಲೆತೊಟ್ಟೊಂದನ್ನು ಕೊಟ್ಟು, ಒಂದು ರೀತಿಯಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ರೀತಿಯಲ್ಲಿ ಚೀಪಿದರೆ ಅನ್ಯರ ದನಿ ಕೇಳುವಂತೆ ಏರ್ಪಡಿಸಿದಾಗ, ಅದು ತಾಯಿಯ ದನಿ ಬರುವಂತೆಯೇ ತನ್ನ ಚೀಪುವಿಕೆಯನ್ನು ಹೊಂದಿಸಿಕೊಂಡಿತು. ಗರ್ಭಿಣಿಯ ಎದುರಿಗೆ ಕಟುವಚನವನ್ನಾಡಬಾರದೆಂಬ ಹಿರಿಯರ ಮಾತಿಗೆ ಇದಕ್ಕಿಂತ ಮಿಗಿಲಾದ ಸಮರ್ಥನೆ ಬೇಕೇ?

ಇನ್ನೊಂದು ಸಂಗತಿಯು ಈ ಸೀಮೆಯವರಿಗೆ ವಿಶೇಷವಾಗಿ ಮನನೀಯ. ಹಳಿಯಾಳದ ಸಂತೆಯಲ್ಲಿ ನಿಂತವನ ಕಿವಿಗೆ ಕನ್ನಡ, ಮರಾಠಿ, ಕೊಂಕಣಿ, ಉರ್ದುಗಳು ಒಮ್ಮೆಲೇ ಬೀಳುವುವು. ಸಿದ್ದಿಗಳ ಕೇರಿಯಲ್ಲಿ ಅವರದೇ ಧಾಟಿಯ ಕೊಂಕಣಿ, ಗೌಳಿಗರ ದಡ್ಡಿಯಲ್ಲಿ ಮರಾಠಿಯ ಛಾಯೆಯ ಮಾತು, ಮುಂಡಗೋಡದ ಬಳಿ 1966ರಿಂದ ನೆಲಸಿರುವ ಟಿಬೇಟಿಯನ್ನರ ಶಿಬಿರಗಳಲ್ಲಿ ಟಿಬೇಟಿ ನುಡಿ. ಇಷ್ಟು ನುಡಿಗಳ ನಡುವೆ ಹುಟ್ಟಿದ ಕೂಸು ಯಾವುದನ್ನು ಕೇಳಲು ಸಿದ್ಧವಾಗಿ ಬಂದಿರುವುದು? ಎಲ್ಲವನ್ನೂ! ಕೆನಡಾ ದೇಶದ ವರ್ಕರ್ ಮತ್ತು ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 'ತ' ಮತ್ತು 'ಟ' ಎಂಬ ದನಿಗಳ ಭೇದವನ್ನೇ ಆರಿಸಿಕೊಂಡಿದ್ದರು. ಭಾರತೀಯ ಭಾಷೆಗಳಲ್ಲಿರುವ ಈ ಭೇದವು ಇಂಗ್ಲಿಷಿನಲ್ಲಿಲ್ಲ. ದೊಡ್ಡವರಾದ ಇಂಗ್ಲಿಷರ ಕಿವಿಗೆ ಇವೆರಡೂ ಒಂದೇ ಆಗಿ ಕೇಳುವುವು. ಆದರೆ ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಈ ಭೇದವನ್ನು ಸರಿಯಾಗಿ ಗುರುತಿಸಿದವು! ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಅಳಿದುಹೋಗಿತ್ತು. ಅವುಗಳ ಕಿವಿ ಕೆಟ್ಟಿರಲಿಲ್ಲ; ಕೇಳದ ದನಿಯನ್ನು ಮನಸ್ಸು ಕೈಬಿಟ್ಟಿತ್ತು, ಅಷ್ಟೇ. ಹುಟ್ಟುವ ಪ್ರತಿಯೊಂದು ಶಿಶುವೂ ಲೋಕದ ಸಕಲ ಭಾಷೆಗಳಿಗೂ ಮನೆಯವನಾಗಿಯೇ ಬರುವುದು. ಇವನಾರವನೆಂಬ ಭೇದವನ್ನು ಅದು ತೊಟ್ಟಿಲಿಗೆ ತರುವುದಿಲ್ಲ. ತೊಟ್ಟಿಲು ತೂಗುವವರಿಂದ ಕಲಿಯುವುದು. ಬಾಗಿಲಿಗೆ ಬಂದ ಗೌಳಿಗಿತ್ತಿಯ ಮಾತನ್ನೂ ಪಕ್ಕದ ಮನೆಯ ಮರಾಠಿ ಜೋಗುಳವನ್ನೂ ಕೂಸು ಕೇಳಿ ಬೆಳೆದರೆ ಅದಕ್ಕೆ ಗೊಂದಲವಾಗುವುದೆಂಬ ಭಯ ಬೇಡ. ಎರಡು ನುಡಿಗಳನ್ನು ಶಿಶುಗಳು ಸಲೀಸಾಗಿ ಕಲಿಯುವುವು.

ನೇತ್ರವು ಎಲ್ಲಕ್ಕಿಂತ ತಡವಾಗಿ ಪಕ್ವವಾಗುವುದು. ಹುಟ್ಟಿದ ಕೂಸಿಗೆ ದೂರದ ವಸ್ತುಗಳು ಮಸುಕು. ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತುವು ಅದಕ್ಕೆ ಉಳಿದವುಗಳಿಗಿಂತ ಚೆನ್ನಾಗಿ ಕಾಣುವುದು. ಆ ದೂರವಾದರೂ ಎಷ್ಟು? ಹಾಲು ಕುಡಿಯುವ ಕೂಸಿನ ಕಣ್ಣಿಗೂ ಹಾಲು ಕುಡಿಸುವ ತಾಯಿಯ ಮುಖಕ್ಕೂ ಇರುವಷ್ಟು! ಜಗತ್ತೆಲ್ಲ ಮಸುಕಾಗಿದ್ದು ಒಂದು ಮುಖ ಮಾತ್ರ ಕಾಣುವುದು. ಎರಡು ಮೂರು ತಿಂಗಳಲ್ಲಿ ಬಣ್ಣಗಳು ಬಿಡಿಬಿಡಿಯಾಗುವುವು. ನಾಲ್ಕು ತಿಂಗಳ ಸುಮಾರಿಗೆ ಎರಡು ಕಣ್ಣುಗಳೂ ಕೂಡಿ ಕೆಲಸಮಾಡಿ ಹತ್ತಿರ ದೂರಗಳು ತಿಳಿಯತೊಡಗುವುವು. ಆ ಒಂದು ಮುಖದ ಜಾಗದಲ್ಲಿ ಇಂದು ಮೊಬೈಲ್ ಫೋನಿನ ಹೊಳೆಯುವ ಗಾಜನ್ನು ಹಿಡಿಯುವ ಅಭ್ಯಾಸವು ಪಟ್ಟಣದಿಂದ ಕಾಡಿನ ಹಳ್ಳಿಗೂ ಬಂದಿರುವುದು. ವರ್ಷ ತುಂಬದ ಕೂಸಿಗೆ ಅದು ಸರ್ವಥಾ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮುಖವು ಕೂಸು ನಕ್ಕರೆ ನಗುವುದು, ಅತ್ತರೆ ಕರಗುವುದು. ಗಾಜು ಯಾವುದಕ್ಕೂ ಉತ್ತರ ಕೊಡದು.

ಇದುವರೆಗೆ ಜ್ಞಾನೇಂದ್ರಿಯಗಳ ಮಾತಾಯಿತು. ಕರ್ಮೇಂದ್ರಿಯಗಳ ವಿಚಾರಕ್ಕೆ ಬಂದರೆ, ಹುಟ್ಟಿದ ಕೂಸಿನ ಚಲನೆಗಳು ಬಹುತೇಕ ಅದರ ಇಚ್ಛೆಯವಲ್ಲ. ಸದ್ದಾದರೆ ಕೈಗಳನ್ನು ಅಗಲಿಸಿ ಬೆಚ್ಚುವುದು, ಕೈಗೆ ಸಿಕ್ಕಿದ್ದನ್ನು ಹಿಡಿಯುವುದು ಮುಂತಾದವು ತಾವಾಗಿಯೇ ಆಗುವುವು. ನಾಲ್ಕಾರು ತಿಂಗಳಲ್ಲಿ ಇವು ಅಡಗಿ, ಅವುಗಳ ಸ್ಥಾನದಲ್ಲಿ ಬೇಕೆಂದು ಮಾಡುವ ಕ್ರಿಯೆಯು ತಲೆಯೆತ್ತುವುದು. ತಲೆಯೆತ್ತುವುದೆಂಬುದು ಇಲ್ಲಿ ಅಕ್ಷರಶಃ ಸತ್ಯ. ಮೊದಲು ಕತ್ತು ನಿಲ್ಲುವುದು, ಆಮೇಲೆ ಬೋರಲಾಗುವುದು, ಆಮೇಲೆ ಕೂಡುವುದು, ಅಂಬೆಗಾಲಿಡುವುದು, ನಿಲ್ಲುವುದು, ನಡೆಯುವುದು. ಸಾಮರ್ಥ್ಯವು ತಲೆಯಿಂದ ಕಾಲಿನೆಡೆಗೆ ಇಳಿದು ಬರುವುದು.

ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಇದರ ಕಾಲಮಾನವನ್ನು ಪ್ರಕಟಿಸಿತು. ಆಧಾರವಿಲ್ಲದೆ ಕೂಡುವುದು 3.8ರಿಂದ 9.2 ತಿಂಗಳ ನಡುವೆ; ಅಂಬೆಗಾಲು 5.2ರಿಂದ 13.5, ಒಂಟಿಯಾಗಿ ನಿಲ್ಲುವುದು 6.9ರಿಂದ 16.9, ಒಂಟಿಯಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಮೆಟ್ಟಿಲಿಗೆ ಹೋದವು. ಈ ಅಂಕೆಗಳಲ್ಲಿ ಮುಖ್ಯವಾದುದು ಅವುಗಳ ನಡುವಣ ಅಂತರ. ಒಂದು ಕೂಸು ಒಂಬತ್ತು ತಿಂಗಳಲ್ಲಿ ನಡೆದೀತು, ಇನ್ನೊಂದು ಹದಿನೇಳರಲ್ಲಿ, ಎರಡೂ ಸರಿಯೇ. ಓರಗಿತ್ತಿಯ ಕೂಸು ನಡೆಯಿತೆಂದು ತನ್ನ ಕೂಸನ್ನು ಹೀಯಾಳಿಸುವ ತಾಯಿಯೂ, ಅಂಥ ಮಾತನ್ನಾಡಿ ಅವಳ ಹೊಟ್ಟೆ ಉರಿಸುವ ಬಳಗವೂ ಈ ಅಂತರವನ್ನು ಅರಿಯಬೇಕು.

ಇಲ್ಲಿ ಒಂದು ತಾತ್ತ್ವಿಕ ಪ್ರಶ್ನೆ ಏಳುವುದು. ಅರಿವು ಮೊದಲೋ, ಕ್ರಿಯೆ ಮೊದಲೋ? ಅಮೇರಿಕದ ಹೆಲ್ಡ್ ಮತ್ತು ಹೈನ್ ಎಂಬ ವಿದ್ವಾಂಸರು 1963ರಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪರೀಕ್ಷೆಯು ಈ ಪ್ರಶ್ನೆಗೆ ಒಳ್ಳೆಯ ದೃಷ್ಟಾಂತ. ಕತ್ತಲೆಯಲ್ಲಿ ಬೆಳೆಸಿದ ಎರಡು ಮರಿಗಳನ್ನು ದಿನಕ್ಕೆ ಕೆಲವು ಗಂಟೆ ಮಾತ್ರ ಬೆಳಕಿಗೆ ತಂದು, ಗಾಣದಂತೆ ಸುತ್ತುವ ಒಂದು ಅಡ್ಡಮರದ ಎರಡು ತುದಿಗಳಿಗೆ ಕಟ್ಟಿದರು. ಒಂದು ಮರಿ ತನ್ನ ಕಾಲಿನಿಂದ ನಡೆಯುವುದು. ಇನ್ನೊಂದು ತೊಟ್ಟಿಯೊಳಗೆ ಕುಳಿತು, ಮೊದಲಿನದು ನಡೆದಂತೆ ಸುತ್ತುವುದು. ಎರಡೂ ನೋಡಿದ್ದು ಒಂದೇ ನೋಟ. ಆದರೆ ಕೊನೆಗೆ ಪರೀಕ್ಷಿಸಿದಾಗ, ನಡೆದ ಮರಿಗೆ ಆಳ ದೂರಗಳು ತಿಳಿದವು. ಕುಳಿತ ಮರಿಗೆ ತಿಳಿಯಲಿಲ್ಲ. ಮುಂದೆ ಅದನ್ನು ಬೆಳಕಿನಲ್ಲಿ ಸ್ವೇಚ್ಛೆಯಾಗಿ ಓಡಾಡಲು ಬಿಟ್ಟ ಬಳಿಕ ಅದೂ ಕಲಿಯಿತು. ಕಣ್ಣು ತೆರೆದಿದ್ದ ಮಾತ್ರಕ್ಕೆ ಕಂಡಂತಾಗುವುದಿಲ್ಲ; ನಡೆದ ಕಾಲು ಕಣ್ಣಿಗೆ ಅರ್ಥವನ್ನು ಹೇಳಿಕೊಡಬೇಕು. ಕ್ರಿಯೆಯಿಲ್ಲದ ಜ್ಞಾನವು ಹೆಳವ, ಜ್ಞಾನವಿಲ್ಲದ ಕ್ರಿಯೆಯು ಕುರುಡ, ಎರಡೂ ಒಂದಾಗಬೇಕೆಂದು ಶಾಸ್ತ್ರಜ್ಞರು ಹೇಳುವುದನ್ನು ಭಕ್ತರು ಕೇಳಿರುವರು. ಅಂಗಳದಲ್ಲಿ ಹರಿದಾಡುವ ಕೂಸು ಅದನ್ನು ದಿನವೂ ಮಾಡಿ ತೋರಿಸುತ್ತಿರುವುದು.

ಆದುದರಿಂದ ಕೂಸನ್ನು ಸದಾ ಕಂಕುಳಲ್ಲಿಯೋ ತೊಟ್ಟಿಲಲ್ಲಿಯೋ ಇಡದೆ, ಎಚ್ಚರವಿರುವಾಗ ನೆಲದ ಮೇಲೆ ಬಿಡಬೇಕು. ಮಲಗಿ ನಿದ್ರಿಸುವಾಗ ಅಂಗಾತ, ಎಚ್ಚರವಿದ್ದು ಹಿರಿಯರು ನೋಡುತ್ತಿರುವಾಗ ಬೋರಲು ಎಂಬುದು ವೈದ್ಯರ ಮಾತು. ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಹೊಲಿದ ಕೌದಿಗಿಂತ ಇದಕ್ಕೆ ಒಳ್ಳೆಯ ಹಾಸು ಬೇರಿಲ್ಲ. ಈ ಕಲೆಯಲ್ಲಿ ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರ ಹೆಸರು ದೂರದೇಶದವರೆಗೂ ಹೋಗಿರುವುದು. ಅಜ್ಜನು ಮಾಡಿಸಿಕೊಟ್ಟ ಮೂರು ಗಾಲಿಯ ಮರದ ಬಂಡಿಯನ್ನು ಕೂಸು ತಾನೇ ಎದ್ದು ನಿಂತು ತಳ್ಳುವುದು. ಅಂಗಡಿಯಿಂದ ತಂದ ಗಾಲಿಗಳ ವಾಕರಿನಲ್ಲಿಯೋ ಕೂಸು ತೂಗುಬಿದ್ದು ಕುಳಿತಿರುವುದು. ಮೊದಲನೆಯದು ನಡೆದ ಮರಿಯ ದಾರಿ. ಎರಡನೆಯದರಿಂದ ಮೆಟ್ಟಿಲಲ್ಲಿ ಉರುಳುವ ಅಪಾಯವೂ ಇರುವುದರಿಂದ ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಹೀಗೆ ತೆರೆದ ಇಂದ್ರಿಯಗಳನ್ನು ಕೂಡಿಸಿ ಒಯ್ಯುವ ಸೂತ್ರ ಯಾವುದು? 1985ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇಲ್ಲಿ ಸ್ಮರಣೀಯ. ದಪ್ಪ ಗಾಜಿನ ಮೇಜಿನ ಕೆಳಗೆ ಸುಮಾರು ಒಂದಡಿಯ ತಗ್ಗು ಕಾಣುವಂತೆ ಮಾಡಿ, ಒಂದು ವರ್ಷದ ಶಿಶುಗಳನ್ನು ಒಂದು ಅಂಚಿನಲ್ಲಿ ಬಿಟ್ಟು, ತಾಯಂದಿರನ್ನು ಎದುರು ಅಂಚಿನಲ್ಲಿ ನಿಲ್ಲಿಸಿದರು. ಶಿಶುಗಳು ತಗ್ಗಿನವರೆಗೆ ಬಂದು, ದಾಟಬೇಕೋ ಬೇಡವೋ ತಿಳಿಯದೆ, ತಲೆಯೆತ್ತಿ ತಾಯಿಯ ಮುಖವನ್ನು ನೋಡಿದವು. ತಾಯಿ ನಗುಮುಖ ತೋರಿದ 19 ಶಿಶುಗಳಲ್ಲಿ 14 ದಾಟಿದವು. ಭಯದ ಮುಖ ತೋರಿದ 17ರಲ್ಲಿ ಒಂದೂ ದಾಟಲಿಲ್ಲ. ಒಂದು ಮಾತನ್ನೂ ಆಡದೆ, ಕೇವಲ ಮುಖದಿಂದ ಆದ ಉಪದೇಶವಿದು! ಕಣ್ಣು ತಗ್ಗನ್ನು ತೋರಿಸಿತು. ಆದರೆ ಆ ತಗ್ಗಿನ ಅರ್ಥವೇನೆಂಬುದನ್ನು ಕೂಸು ಇನ್ನೊಬ್ಬರ ಮುಖದಲ್ಲಿ ಓದಿತು. ವಿಷಯವನ್ನು ಇಂದ್ರಿಯವು ಕೊಡುವುದು, ಅದರ ಬೆಲೆಯನ್ನು ಗುರುವು ಕೊಡುವನು. ತಾಯಿತಂದೆಗಳೇ ಪ್ರಥಮ ಗುರುಗಳೆಂಬುದು ಬಾಯುಪಚಾರದ ಮಾತಲ್ಲ. ಮನೆಯ ಕೆಲಸದಾಳು ಬಂದಾಗ, ಬೇರೆ ಜಾತಿಯ ನೆರೆಯವನು ಕಟ್ಟೆಯ ಮೇಲೆ ಕುಳಿತಾಗ, ತಂದೆಯ ಮುಖದಲ್ಲಿ ಮೂಡುವ ಗೌರವವನ್ನೋ ತಿರಸ್ಕಾರವನ್ನೋ ಮಡಿಲ ಕೂಸು ಓದುತ್ತಿರುವುದು. ಕಾಯಕದ ಗೌರವವನ್ನೂ ಸಮತೆಯನ್ನೂ ಮುಂದೆ ಅದಕ್ಕೆ ಶಾಲೆಯಲ್ಲಿ ಎಷ್ಟು ಬೋಧಿಸಿದರೂ, ಈ ಮೊದಲ ಓದು ಅದರ ತಳದಲ್ಲಿ ಉಳಿದೇ ಇರುವುದು.

ಇನ್ನು ಅತ್ಯಂತ ಗಂಭೀರವಾದ ವಿಷಯ. ಅನೇಕ ಮನೆಗಳಲ್ಲಿ ಕೇಳಿಬರುವ ಸಂಭಾಷಣೆ ಇದು.

'ಅತ್ತೀ, ತಾಟು ಬಿದ್ದು ಅಷ್ಟು ಸಪ್ಪಳಾದರೂ ಕೂಸು ಹೊಳ್ಳಿ ನೋಡಲಿಲ್ಲರಿ.'

'ಸುಮ್ಮಕಿರವ್ವಾ, ಅವರಪ್ಪನೂ ಹಿಂಗ ಇದ್ದ. ಗಂಡುಕೂಸು ತಡಾನ ಮಾತಾಡ್ತಾವ. ಉಳವಿ ಅಪ್ಪಗ ಬೇಡ್ಕೊ, ಎಲ್ಲಾ ಚಲೋ ಆಗ್ತದ.'

ಅತ್ತೆಯ ಮಾತಿನಲ್ಲಿ ಪ್ರೀತಿಯಿದೆ, ಭಕ್ತಿಯಿದೆ. ಸೊಸೆಯನ್ನು ಸಮಾಧಾನಪಡಿಸುವ ಹಿರಿತನವಿದೆ. ಆದರೆ ಆ ಸಮಾಧಾನದಲ್ಲಿ ಎರಡು ವರ್ಷಗಳು ಕಳೆದರೆ ಆಗುವ ಹಾನಿ ಎಂಥದು? ಹ್ಯೂಬಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಯ ಒಂದು ಕಣ್ಣನ್ನು ಎಳವೆಯ ಕೆಲವು ವಾರ ಮುಚ್ಚಿಟ್ಟು ಆಮೇಲೆ ತೆರೆದರು. ಕಣ್ಣು ಸ್ವಸ್ಥವಾಗಿತ್ತು; ಆದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿತಿರಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿ ತೆರೆದರೆ ಅಂಥ ನಷ್ಟವಾಗಲಿಲ್ಲ. ಮಿದುಳು ಕಲಿಯುವುದಕ್ಕೆ ಒಂದು ಋತುವಿದೆಯೆಂಬುದನ್ನು ತೋರಿಸಿದ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರೈತನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಬೀಜ ಒಳ್ಳೆಯದಿರಲಿ, ಭೂಮಿ ಒಳ್ಳೆಯದಿರಲಿ, ಹದ ಮೀರಿ ಬಿತ್ತಿದ ಭತ್ತ ಏನಾಗುವುದೆಂಬುದನ್ನು ಮುಂಡಗೋಡದ ಒಕ್ಕಲಿಗನು ಬಲ್ಲನು.

ಹುಟ್ಟಿನಿಂದಲೇ ಕಣ್ಣಿನಲ್ಲಿ ದಟ್ಟವಾದ ಪೊರೆಯಿದ್ದರೆ ಮೊದಲ ಒಂದೆರಡು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಕಿವಿಯ ಪರೀಕ್ಷೆ ಮೊದಲ ತಿಂಗಳಲ್ಲಿ, ದೋಷದ ನಿರ್ಣಯ ಮೂರನೆಯ ತಿಂಗಳೊಳಗೆ, ಉಪಚಾರದ ಆರಂಭ ಆರನೆಯ ತಿಂಗಳೊಳಗೆ ಆಗಬೇಕೆಂಬುದು ತಜ್ಞರ ಮತ. ಪಾಪೆಯು ಬೆಳ್ಳಗೆ ಕಂಡರೆ, ಮೂರು ತಿಂಗಳಾದರೂ ಕಣ್ಣು ಮುಖವನ್ನು ಹಿಂಬಾಲಿಸದಿದ್ದರೆ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಆರು ತಿಂಗಳಾದರೂ ಸದ್ದಿನತ್ತ ತಿರುಗದಿದ್ದರೆ, ಹತ್ತು ತಿಂಗಳಾದರೂ ಕೂಡದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜೋಯಿಡಾದ ಕಾಡಿನ ಹಳ್ಳಿಗಳಿಂದ ಆಸ್ಪತ್ರೆ ದೂರವೆಂಬುದು ನಿಜ. ಆದರೆ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ಅವಳು ಬಂದಾಗ ಹೊಸಿಲಲ್ಲಿಯೇ ನಿಲ್ಲಿಸಿ ಕಳಿಸದೆ, ಒಳಗೆ ಕರೆದು ಕೂಸನ್ನು ತೋರಿಸಿ ಸಂದೇಹವನ್ನು ಹೇಳಬೇಕು. ಅಂಗನವಾಡಿಯ ಯೋಜನೆ 1975ರಿಂದ ನಡೆದು ಬಂದಿದೆ; ಮಕ್ಕಳ ಹುಟ್ಟುದೋಷಗಳನ್ನೂ ಬೆಳವಣಿಗೆಯ ತಡವನ್ನೂ ಗುರುತಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು; ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿ ಮಾತುಗಳ ದೋಷಕ್ಕೆಂದೇ ಮೀಸಲಾಗಿದೆ. ಸಾಧನಗಳಿದ್ದೂ ಬಳಸದಿರುವುದು ಗೃಹಸ್ಥಧರ್ಮದ ಲೋಪ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: 'ಕೂಸು ಕಿವುಡಾದುದು ಅದರ ಪ್ರಾರಬ್ಧ, ಶಿವನು ಕೊಟ್ಟದ್ದನ್ನು ಅನುಭವಿಸಬೇಕು.' ಹಾಗೆನ್ನುವವರು, ತಮ್ಮ ಎತ್ತಿಗೆ ರೋಗ ಬಂದರೆ ದನದ ವೈದ್ಯರನ್ನು ಕರೆಯುವರೋ, ಎತ್ತಿನ ಪ್ರಾರಬ್ಧವೆಂದು ಸುಮ್ಮನಿರುವರೋ? ದಯೆಯೇ ಧರ್ಮದ ಮೂಲವೆಂದು ಸಾರಿದ ಪಂಥದಲ್ಲಿ, ಕೈಲಾಗುವ ಉಪಕಾರವನ್ನು ತಪ್ಪಿಸಿಕೊಳ್ಳಲು ಕರ್ಮದ ನೆಪ ಹೇಳುವುದಕ್ಕೆ ಎಡೆಯಿಲ್ಲ. ಇನ್ನು ಕೆಲವರು ತಾಯಿಯ ಮೇಲೆ ದೋಷ ಹೊರಿಸುವರು. ಗ್ರಹಣದಲ್ಲಿ ಹೊರಗೆ ಬಂದಳು, ಇಂಥದನ್ನು ತಿಂದಳು ಎನ್ನುವರು. ಆಧಾರವಿಲ್ಲದ ಈ ಮಾತು ನೊಂದವಳನ್ನು ಇನ್ನಷ್ಟು ನೋಯಿಸುವುದೇ ಹೊರತು ಕೂಸಿಗೆ ಕಿವಿಯನ್ನು ಕೊಡದು. ಕೂಸಿನ ಇಂದ್ರಿಯಗಳ ಹೊಣೆ ಇಡೀ ಮನೆಗೆ ಸೇರಿದ್ದು. ಆಸ್ಪತ್ರೆಗೆ ಹೋಗಲು ಬಸ್ಸಿನ ದುಡ್ಡನ್ನು ಕೊಟ್ಟು ಕಳಿಸಿದರೆ ತಂದೆಯ ಪಾಲು ತೀರಲಿಲ್ಲ. ಜೊತೆಗೆ ಹೋಗುವುದು ಅವನ ಪಾಲು.

ಎಲ್ಲ ಪ್ರಯತ್ನವನ್ನು ಮಾಡಿದ ಮೇಲೂ ಒಂದು ಬಾಗಿಲು ತೆರೆಯದಿದ್ದರೆ? ಅಂಥ ಮಕ್ಕಳೂ ಇರುವರು. ಆಗ ಷಟ್‌ಸ್ಥಲದ ಇನ್ನೊಂದು ಮರ್ಮವನ್ನು ನೆನೆಯಬೇಕು. ಮುಖಗಳು ಐದಲ್ಲ, ಆರು. ಗಂಧ ರುಚಿ ರೂಪ ಸ್ಪರ್ಶ ಶಬ್ದಗಳ ಆಚೆ ತೃಪ್ತಿಯೆಂಬ ಪದಾರ್ಥವನ್ನು ಹೃದಯಮುಖದಲ್ಲಿ ಅರ್ಪಿಸುವ ಮಾರ್ಗವು ಕಿವುಡನಿಗೂ ತೆರೆದಿದೆ, ಕುರುಡನಿಗೂ ತೆರೆದಿದೆ, ಎಂದೂ ನಡೆಯದವನಿಗೂ ತೆರೆದಿದೆ. ಕಿವಿ ಕೇಳದ ಕೂಸಿಗೆ ಕೈಸನ್ನೆಯ ಭಾಷೆಯನ್ನು ಎಳವೆಯಲ್ಲಿಯೇ ಕಲಿಸಿದರೆ ಅದು ಇತರ ಮಕ್ಕಳಂತೆಯೇ ವಿಚಾರವಂತವಾಗಿ ಬೆಳೆಯುವುದು. ಶಬ್ದವು ಒಂದು ದಾರಿ ಮಾತ್ರ. ಅರಿವಿಗೆ ದಾರಿಗಳು ಹಲವು. ಅಂಥ ಕೂಸನ್ನು ಜಾತ್ರೆಗೆ ಕರೆದೊಯ್ಯಲು ನಾಚುವ ಗೃಹಸ್ಥನು ತಾನು ಯಾರ ಸನ್ನಿಧಿಗೆ ಹೊರಟಿರುವೆನೆಂಬುದನ್ನೇ ಮರೆತವನು.

ಹುಟ್ಟಿದ ಶಿಶುವಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯವು ಭಕ್ತರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. 'ಏನೂ ಅರಿಯದ ಶಿಶುವಿಗೆ ಲಿಂಗವೇಕೆ?' ಎಂದು ಆಕ್ಷೇಪಿಸುವವರುಂಟು. ಅದಕ್ಕೆ ಉತ್ತರವು ಈಗ ಸುಲಭ. ಲಿಂಗವನ್ನು ಕಟ್ಟುವುದು ಶಿಶುವಿಗೆ. ವ್ರತವನ್ನು ಹಿಡಿಯುವುದು ಹಿರಿಯರು. ಈ ತ್ವಕ್ಕು, ಈ ಮೂಗು, ಈ ನಾಲಗೆ, ಈ ಕಿವಿ, ಈ ಕಣ್ಣು ಶಿವನು ಇರುವ ತಾಣಗಳು, ಇವುಗಳಿಗೆ ಅಶುದ್ಧವನ್ನೂ ಅಪಾಯವನ್ನೂ ಮುಟ್ಟಗೊಡೆನು, ಕಾಲ ಮೀರಗೊಡೆನು ಎಂಬುದೇ ಆ ವ್ರತ. ಶಿಶುವು ಅರಿಯದೆಂಬುದರಿಂದ ಹೊಣೆ ಕಡಿಮೆಯಾಗುವುದಿಲ್ಲ. ಅದು ಕೇಳಲಾರದು, ದೂರಲಾರದು, ತಪ್ಪನ್ನು ಮುಂದೆ ನೆನೆಯಲೂ ಆರದು. ಆದುದರಿಂದಲೇ ಹೊಣೆ ಹೆಚ್ಚುವುದು.

ಮುಂದಿನ ಹುಣ್ಣಿಮೆಗೆ ಚಕ್ಕಡಿಗಳು ಮತ್ತೆ ಹಳಿಯಾಳದ ದಾರಿಯಲ್ಲಿ ಸಾಗುವುವು. ಗಂಟೆಯ ನಾದಕ್ಕೆ ಮಡಿಲ ಕೂಸು ತಲೆ ತಿರುಗಿಸುವುದು. ಆಗ ತಾಯಿಯು ಅದನ್ನು ಗಮನಿಸಿ ಸಂತೋಷಪಡಲಿ. ತಿರುಗಿಸದಿದ್ದರೆ ಅದನ್ನೂ ಗಮನಿಸಲಿ. 'ಅದಕ್ಕೇನು ತಿಳಿಯುತ್ತದೆ' ಎಂಬ ಮಾತನ್ನು ಬಿಟ್ಟು, 'ಅದಕ್ಕೆ ಏನೇನು ತಿಳಿಯುತ್ತಿದೆ' ಎಂದು ಕೇಳಲು ಕಲಿತ ಮನೆಯಲ್ಲಿ ಶಿಶುವಿನ ಸೇವೆಯೇ ನಿತ್ಯದ ಅರ್ಪಣೆಯಾಗುವುದು.